ಪ್ರತಿಕ್ರಿಯೆ: ಮಂಗಟ್ಟೆ ನಮ್ಮ ರಾಜ್ಯಪಕ್ಷಿಯೇ?

ಕಾರವಾರದ ಶಾಲೆಯಲ್ಲಿ ಓದುವ ಮಗಳ ಪ್ರಾಜೆಕ್ಟಿಗಾಗಿ, ದಾಂಡೇಲಿಯಲ್ಲಿ ಪ್ರಸಿದ್ಧವಾಗಿರುವ ಮಂಗಟ್ಟೆಯೇ ಕರ್ನಾಟಕದ ರಾಜ್ಯಪಕ್ಷಿಯೇ ಎಂದು ತಾವು ಕೇಳಿದ್ದೀರಿ. ಅಲ್ಲ, ನಮ್ಮ ರಾಜ್ಯಪಕ್ಷಿ ನೀಲಕಂಠ. ದೊಡ್ಡ ಮಂಗಟ್ಟೆ ಕೇರಳ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪಕ್ಷಿಯಾಗಿರುವುದರಿಂದಲೂ, ದಾಂಡೇಲಿಯ ಪ್ರವಾಸೋದ್ಯಮದ ಫಲಕಗಳಲ್ಲೆಲ್ಲ ಅದರದೇ ಚಿತ್ರ ಕಾಣುವುದರಿಂದಲೂ ಈ ಗೊಂದಲ ಸಹಜ.

ನೀಲಕಂಠವನ್ನು ನೋಡಲು ದಟ್ಟ ಕಾಡಿಗೆ ಹೋಗಬೇಕಿಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಗಳ ಪಕ್ಕದ ವಿದ್ಯುತ್ ತಂತಿಯ ಮೇಲೆ ಕುಳಿತಾಗ ಅದು ಮಾಸಲು ಕಂದು ಹಕ್ಕಿಯಂತೆ ಕಾಣುತ್ತದೆ. ಮಿಡತೆಯೊಂದಕ್ಕಾಗಿ ಕೆಳಗೆ ಹಾರಿದ ಕ್ಷಣದಲ್ಲಿ ಮಾತ್ರ ರೆಕ್ಕೆಯ ತಿಳಿನೀಲಿ ಮತ್ತು ಕಡುನೀಲಿ ಪಟ್ಟೆಗಳು ತೆರೆದುಕೊಳ್ಳುತ್ತವೆ. ಆದ್ದರಿಂದ ಚಾರ್ಟಿನಲ್ಲಿ ಹಾರುವ ಭಂಗಿಯನ್ನೇ ಬಿಡಿಸಲು ಹೇಳಿ.

ಉಳಿದಂತೆ ರಾಜ್ಯಪುಷ್ಪ ಕಮಲ, ರಾಜ್ಯವೃಕ್ಷ ಶ್ರೀಗಂಧ, ರಾಜ್ಯಪ್ರಾಣಿ ಆನೆ. ಕಮಲ ಹರಿಯಾಣದ ರಾಜ್ಯಪುಷ್ಪವೂ ಹೌದು. ಒಂದೇ ಸಂಕೇತವನ್ನು ಎರಡು ರಾಜ್ಯಗಳು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಇನ್ನೊಂದು ಎಚ್ಚರಿಕೆ: ಕಾರವಾರಕ್ಕೆ ಗೋವಾ ಹತ್ತಿರವಿರುವುದರಿಂದ ಅಂತರಜಾಲದಲ್ಲಿ ಅಲ್ಲಿನ ಪಟ್ಟಿಯೇ ಮೊದಲು ಸಿಗಬಹುದು. ಅದರಲ್ಲಿ ರಾಜ್ಯಪ್ರಾಣಿ ಕಾಡುಕೋಣ, ರಾಜ್ಯವೃಕ್ಷ ಮತ್ತಿ. ಮೊಸಳೆಯ ಚರ್ಮದಂತೆ ಬಿರಿದ ತೊಗಟೆಯ ಈ ಮತ್ತಿ ಶಿರಸಿ, ಯಲ್ಲಾಪುರದ ಕಾಡುಗಳಲ್ಲಿಯೂ ಧಾರಾಳವಾಗಿದೆ. ಆದರೂ ನಮ್ಮ ಪಟ್ಟಿಗೆ ಅದನ್ನು ಸೇರಿಸುವಂತಿಲ್ಲ. ಮಂಗಟ್ಟೆಯನ್ನು ಬಿಡಲು ಮಗಳಿಗೆ ಮನಸ್ಸಿಲ್ಲದಿದ್ದರೆ, ‘ನಮ್ಮ ಜಿಲ್ಲೆಯ ವಿಶೇಷ’ ಎಂಬ ಪ್ರತ್ಯೇಕ ಶೀರ್ಷಿಕೆಯಡಿ ಅದನ್ನು ಧಾರಾಳವಾಗಿ ಹಾಕಬಹುದು.