ಮೋಲ್ ಲೆಕ್ಕ: ಮೊದಲು ಕಾಳು ಎಣಿಸಿ, ಆಮೇಲೆ ತಕ್ಕಡಿ

ನಮಸ್ಕಾರ ಅಣ್ಣಾರ. ನಿನ್ನೆ ನೀವು ಎರಡು ಪ್ರಶ್ನೆ ಕೇಳಿದ್ದಿರಿ. ಪಿಯುಸಿ ಮೊದಲ ವರ್ಷದ ಮಗಳಿಗೆ ಗ್ರಾಂನಿಂದ ಮೋಲ್, ಮೋಲ್‌ನಿಂದ ಗ್ರಾಂ ಮಾಡುವುದು ತಲೆಗೆ ಹತ್ತುತ್ತಿಲ್ಲ ಅಂತ ಒಂದು. ರೋಣದ ಹೊಲದ ಬೋರ್ ನೀರಿನ ವರದಿಯಲ್ಲಿ ಬೈಕಾರ್ಬೊನೇಟ್ ಜಾಸ್ತಿ ಬಂದಿದೆ, ಜಿಪ್ಸಂ ಎಷ್ಟು ಬೇಕು ಅಂತ ಇನ್ನೊಂದು. ಎರಡೂ ಒಂದೇ ಲೆಕ್ಕ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ಓದಿ.

ನಿಮ್ಮ ಕಡೆ ಹೆಸರು, ಕಡಲೆ ಎರಡೂ ಬಿತ್ತುತ್ತೀರಿ ಅಲ್ವಾ? ಬೀಜ ತರುವುದು ಕೆಜಿ ಲೆಕ್ಕದಲ್ಲಿ, ಆದರೆ ಹೊಲದಲ್ಲಿ ಬೇಕಾಗುವುದು ಗಿಡದ ಸಂಖ್ಯೆ. ಕಡಲೆಯ 100 ಕಾಳು ಸುಮಾರು 20 ಗ್ರಾಂ ತೂಗುತ್ತವೆ ಅಂದುಕೊಳ್ಳಿ, ಹೆಸರಿನ 100 ಕಾಳು ಸುಮಾರು 4 ಗ್ರಾಂ. ಹಾಗಾದರೆ ಒಂದು ಕೆಜಿ ಕಡಲೆಯಲ್ಲಿ 1000 ಭಾಗಿಸು 20, ಅಂದರೆ 50 ನೂರು, 5000 ಕಾಳು. ಒಂದು ಕೆಜಿ ಹೆಸರಿನಲ್ಲಿ 1000 ಭಾಗಿಸು 4, 250 ನೂರು, 25,000 ಕಾಳು. ತೂಕ ಒಂದೇ, ಎಣಿಕೆ ಐದು ಪಟ್ಟು. ಯಾರೂ ಕೂತು ಕಾಳು ಎಣಿಸುವುದಿಲ್ಲ. ನೂರು ಕಾಳಿನ ತೂಕ ಗೊತ್ತಿದ್ದರೆ ತಕ್ಕಡಿಯೇ ಎಣಿಸಿಕೊಡುತ್ತದೆ.

ಮೋಲ್ ಅಂದರೆ ಆ 'ನೂರು' ಇದ್ದ ಹಾಗೆ, ಒಂದು ಕಟ್ಟು ಎಣಿಕೆ. ಕಣಗಳು ತೀರಾ ಸಣ್ಣವು, ಆದ್ದರಿಂದ ಕಟ್ಟು ದೊಡ್ಡದು: 6.022 ಗುಣಿಸು 10ರ ಘಾತ 23. ಮೋಲಾರ್ ಮಾಸ್ ಅಂದರೆ ಆ ಕಟ್ಟಿನ ತೂಕ, ಗ್ರಾಂನಲ್ಲಿ. ಅದಕ್ಕೆ ಬೇಕಾದ ಅಂಕಿಗಳು ಪುಸ್ತಕದ ಕೋಷ್ಟಕದಲ್ಲೇ ಇವೆ: ಹೈಡ್ರೋಜನ್ 1, ಕಾರ್ಬನ್ 12, ಆಮ್ಲಜನಕ 16, ಸೋಡಿಯಂ 23, ಕ್ಲೋರಿನ್ 35.5, ಕ್ಯಾಲ್ಸಿಯಂ 40. ಅಡುಗೆ ಉಪ್ಪು 23 ಕೂಡಿಸು 35.5, ಅಂದರೆ 58.5. ಅರ್ಧ ಕೆಜಿ ಉಪ್ಪು ಎಷ್ಟು ಮೋಲ್? 500 ಭಾಗಿಸು 58.5, ಸುಮಾರು 8.5. ಸಕ್ಕರೆಯ ಮೋಲಾರ್ ಮಾಸ್ 342, ಅರ್ಧ ಕೆಜಿಗೆ ಒಂದೂವರೆ ಮೋಲ್ ಕೂಡ ಆಗುವುದಿಲ್ಲ. ಉಪ್ಪು ಹೆಸರಿನ ಹಾಗೆ, ಸಕ್ಕರೆ ಕಡಲೆಯ ಹಾಗೆ. ಗ್ರಾಂ ಇದ್ದರೆ ಭಾಗಿಸು, ಮೋಲ್ ಇದ್ದರೆ ಗುಣಿಸು, ಅಷ್ಟೇ. ಯಾವುದು ಯಾವಾಗ ಅಂತ ಗೊಂದಲ ಆದರೆ ಸೂತ್ರ ಬಾಯಿಪಾಠ ಮಾಡುವುದು ಬೇಡ, ಕಾಳಿನ ಲೆಕ್ಕ ನೆನಪು ಮಾಡಿಕೊಳ್ಳಲಿ.

ಮಕ್ಕಳು ತಪ್ಪುವ ಜಾಗ ಒಂದಿದೆ. ಕೆಲವು ಲವಣಗಳ ಹರಳಿನೊಳಗೆ ನೀರು ಸೇರಿಕೊಂಡಿರುತ್ತದೆ, ಅದರ ತೂಕವನ್ನೂ ಕೂಡಿಸಬೇಕು. ನಾನು ಇದನ್ನು ಕಲಿತದ್ದು ಹೊಲದಲ್ಲಿ. ನಾನು ಶಿಗ್ಗಾವಿ ಕಡೆಯವನು, ಒಂದು ಮುಂಗಾರಿನಲ್ಲಿ ಗೋವಿನಜೋಳದ ಎಳೆ ಎಲೆಯ ಮೇಲೆ ಬಿಳಿ ಪಟ್ಟಿ ಬಂತು, ಜಿಂಕ್ ಕೊರತೆ. ಮುಂದಿನ ಬೆಳೆಗೆ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಹಾಕಿ ಅಂದರು. ಅಂಗಡಿಯಲ್ಲಿ ಎರಡು ಬಗೆ ಇತ್ತು, ಜಾಸ್ತಿ ದುಡ್ಡಿನದೇ ಒಳ್ಳೆಯದು ಅಂತ ತಂದು ಪೂರ್ತಿ 10 ಕೆಜಿ ಹಾಕಿದೆ. ನನಗೆ ಹೇಳಿದ್ದ ಅಳತೆ ಏಳು ನೀರಿನ ಕಣ ಇರುವ ಹೆಪ್ಟಾಹೈಡ್ರೇಟ್‌ನದು, ಅದರ ಮೋಲಾರ್ ಮಾಸ್ 287.5. ನಾನು ತಂದದ್ದು ಒಂದೇ ನೀರಿನ ಕಣ ಇರುವ ಮೊನೊಹೈಡ್ರೇಟ್, 179.5. ಲೆಕ್ಕ ನೋಡಿ: 10,000 ಗ್ರಾಂ ಭಾಗಿಸು 287.5, ಸುಮಾರು 34.8 ಮೋಲ್. ಬೆಳೆಗೆ ಬೇಕಿದ್ದ ಜಿಂಕ್ ಕಣಗಳ ಎಣಿಕೆ ಇದು. ಅದನ್ನು 179.5ರಿಂದ ಗುಣಿಸಿದರೆ 6 ಕೆಜಿ 250 ಗ್ರಾಂ ಆಸುಪಾಸು. ಮೂರೂಮುಕ್ಕಾಲು ಕೆಜಿ ಸುಮ್ನೆ ಹೋಯಿತು, ಅದೂ ದುಬಾರಿಯದು. ಚೀಲದ ಮೇಲೆ 21 ಶೇಕಡಾ, 33 ಶೇಕಡಾ ಅಂತ ಬರೆದಿರುತ್ತದಲ್ಲ, ಆ ಫರಕಿಗೆ ಕಾರಣ ಈ ನೀರೇ.

ಈಗ ನಿಮ್ಮ ಬೋರಿಗೆ ಬರೋಣ. ನೀವು ಬರೆದ ಅಂಕಿ: ಲೀಟರಿಗೆ ಬೈಕಾರ್ಬೊನೇಟ್ 488 ಮಿಲಿಗ್ರಾಂ, ಕ್ಯಾಲ್ಸಿಯಂ 50, ಮೆಗ್ನೀಸಿಯಂ 18, ಕಾರ್ಬೊನೇಟ್ ಇಲ್ಲ. ಈ ಮಿಲಿಗ್ರಾಂಗಳನ್ನು ಹಾಗೇ ಕೂಡಿಸಿ ಕಳೆಯಬೇಡಿ, ಅದು ಹೆಸರು ಕಡಲೆ ಒಟ್ಟಿಗೆ ತೂಗಿದ ಹಾಗೆ. ಮೊದಲು ಎಣಿಕೆಗೆ ತನ್ನಿ. ಬೈಕಾರ್ಬೊನೇಟ್‌ನ ಮೋಲಾರ್ ಮಾಸ್ 61, ಆದ್ದರಿಂದ 488 ಭಾಗಿಸು 61, 8 ಮಿಲಿಮೋಲ್ (ಮೋಲ್‌ನ ಸಾವಿರದ ಒಂದು ಭಾಗ). ಕ್ಯಾಲ್ಸಿಯಂ 50 ಭಾಗಿಸು 40, 1.25. ಮೆಗ್ನೀಸಿಯಂ 18 ಭಾಗಿಸು 24.3, ಸುಮಾರು 0.75. ಒಂದು ಕ್ಯಾಲ್ಸಿಯಂ ಕಣ ಎರಡು ಬೈಕಾರ್ಬೊನೇಟ್‌ಗೆ ಜೋಡಿ, ಮೆಗ್ನೀಸಿಯಂ ಕೂಡ ಹಾಗೇ, ಯಾಕಂದರೆ ಅವುಗಳ ಚಾರ್ಜ್ 2. ಹಾಗಾಗಿ ಅವನ್ನು ಎರಡರಿಂದ ಗುಣಿಸಿ, 2.5 ಮತ್ತು 1.5. ಹೀಗೆ ಚಾರ್ಜ್ ಸೇರಿಸಿದ ಮಿಲಿಮೋಲ್‌ಗೇ ವರದಿಯಲ್ಲಿ ಮಿಲಿ ಈಕ್ವಿವಲೆಂಟ್ ಅಂತ ಬರೆಯುವುದು. 8ರಲ್ಲಿ 4 ಕಳೆದರೆ ಉಳಿದದ್ದು 4. ಇದೇ ಆರ್‌ಎಸ್‌ಸಿ (ರೆಸಿಡ್ಯುಯಲ್ ಸೋಡಿಯಂ ಕಾರ್ಬೊನೇಟ್), ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಜೋಡಿಯಾಗಿ ಮಿಕ್ಕ ಬೈಕಾರ್ಬೊನೇಟ್. 1.25ರ ಒಳಗೆ ಇದ್ದರೆ ಚಿಂತೆ ಇಲ್ಲ, 2.5 ದಾಟಿದರೆ ಆ ನೀರನ್ನು ಹಾಗೇ ಹಾಯಿಸುವುದು ಸರಿಯಲ್ಲ. ನಿಮ್ಮದು ದಾಟಿದೆ.

ದಾಟಿದರೆ ಏನಾಗುತ್ತದೆ? ಹೆಚ್ಚುವರಿ ಬೈಕಾರ್ಬೊನೇಟ್ ಮಣ್ಣಿನ ಕ್ಯಾಲ್ಸಿಯಂ ಅನ್ನು ಹಿಡಿದು ಸುಣ್ಣದ ರೂಪದಲ್ಲಿ ಕೂರಿಸುತ್ತದೆ. ಸೋಡಿಯಂ ಮೇಲುಗೈ ಆಗುತ್ತದೆ, ಎರಿ ಮಣ್ಣಿನ ಕಣಗಳು ಬಿಚ್ಚಿಕೊಂಡು ಸಂದು ಮುಚ್ಚುತ್ತವೆ. ಆಮೇಲೆ ನೀರು ಮೇಲೇ ನಿಲ್ಲುತ್ತದೆ, ಒಣಗಿದರೆ ಹೊಲ ಹೆಂಟೆ ಕಟ್ಟುತ್ತದೆ. ಒಮ್ಮೆ ಸವಳು ಹಿಡಿದ ಎರಿ ಹೊಲ ಸರಿಮಾಡುವುದು ಎಷ್ಟು ವರ್ಷದ ಕೆಲಸ ಅಂತ ನಿಮಗೆ ನಾನು ಹೇಳಬೇಕಿಲ್ಲ, ಅದಕ್ಕೇ ಈಗಲೇ ತಡೆಯಿರಿ ಅನ್ನುತ್ತಿದ್ದೇನೆ.

ಜಿಪ್ಸಂ ಕೊಡುವುದು ಕ್ಯಾಲ್ಸಿಯಂ. ಅದರೊಳಗೂ ಎರಡು ನೀರಿನ ಕಣ ಇವೆ, ಸೇರಿಸಿ ಮೋಲಾರ್ ಮಾಸ್ 172. ಆರ್‌ಎಸ್‌ಸಿಯನ್ನು 4ರಿಂದ 1ಕ್ಕೆ ಇಳಿಸಬೇಕು, ಅಂದರೆ 3 ಮಿಲಿ ಈಕ್ವಿವಲೆಂಟ್, ಎರಡರಿಂದ ಭಾಗಿಸಿ 1.5 ಮಿಲಿಮೋಲ್ ಜಿಪ್ಸಂ. 1.5 ಗುಣಿಸು 172, ಲೀಟರಿಗೆ 258 ಮಿಲಿಗ್ರಾಂ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಹಾಯಿಸಿದರೆ ಸುಮಾರು 2 ಲಕ್ಷ ಲೀಟರ್. ಹಾಗಾಗಿ ಒಂದು ನೀರಿಗೆ 52 ಕೆಜಿ ಶುದ್ಧ ಜಿಪ್ಸಂ. ಸಿಗುವುದು ಶುದ್ಧ ಇರುವುದಿಲ್ಲ, 70 ಶೇಕಡಾ ಇದ್ದರೆ 52 ಭಾಗಿಸು 0.7, ಸುಮಾರು 74 ಕೆಜಿ. ಹಂಗಾಮಿಗೆ ನಾಲ್ಕು ನೀರು ಕೊಟ್ಟರೆ ಎಕರೆಗೆ 300 ಕೆಜಿ. ಪ್ರತಿ ಸಲ ಹಾಕುತ್ತಾ ಕೂರುವುದು ಬೇಡ, ಬಿತ್ತುವ ಮೊದಲೇ ಒಮ್ಮೆ ಹೊಲಕ್ಕೆ ಹರಡಿ ಮೇಲ್ಮಣ್ಣಿಗೆ ಸೇರಿಸಬಹುದು. ಆದರೆ ನೀರು ಬಸಿದು ಹೋಗಲು ದಾರಿ ಇರಲಿ. ಕ್ಯಾಲ್ಸಿಯಂ ಬಂದು ಮಣ್ಣಿನಿಂದ ಬಿಡಿಸಿದ ಸೋಡಿಯಂ ನೀರಿನ ಜೊತೆ ಕೆಳಗೆ ಹೋಗದಿದ್ದರೆ ಜಿಪ್ಸಂ ಹಾಕಿಯೂ ಉಪಯೋಗ ಇಲ್ಲ.

ಇದು ನೀರಿನ ಲೆಕ್ಕ ಮಾತ್ರ. ಮಣ್ಣಿಗೆ ಆಗಲೇ ಎಷ್ಟು ಸೋಡಿಯಂ ಹತ್ತಿದೆ ಅನ್ನುವುದಕ್ಕೆ ಬೇರೆ ಪರೀಕ್ಷೆ ಬೇಕು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ, ಇಲ್ಲವೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ. ಮತ್ತೆ ನಿಮ್ಮ ವರದಿಯಲ್ಲಿ ಸೋಡಿಯಂ ಸಾಲು ಇದ್ದೇ ಇರುತ್ತದೆ, ಅದನ್ನು ಬರೆಯಲು ಮರೆತಿದ್ದೀರಿ. ಮಗಳ ಕೈಯಿಂದಲೇ 23ರಿಂದ ಭಾಗಿಸಿ ಮಿಲಿಮೋಲ್ ಮಾಡಿಸಿ ಇಲ್ಲಿ ಹಾಕಿ, ಮುಂದಿನದನ್ನು ಒಟ್ಟಿಗೆ ನೋಡೋಣ.