ಎನ್‌ಡಿಐಎಸ್ ಬಗ್ಗೆ ಕೇಳಿದಿರಲ್ಲ, ಹೇಳ್ತೀನಿ

ಎನ್‌ಡಿಐಎಸ್ ಅಂದರೆ ಅಂಗವಿಕಲರಿಗೆ ಬೇಕಾದ ಸೇವೆಗಳಿಗೆ ಆಸ್ಟ್ರೇಲಿಯಾ ಸರ್ಕಾರ ದುಡ್ಡು ಕೊಡುವ ಯೋಜನೆ. ಮೆಲ್ಬರ್ನ್‌ಗೆ ಬಂದು ಎರಡು ತಿಂಗಳು, ಪಿಆರ್ (ಕಾಯಂ ವಾಸದ) ವೀಸಾ, ಮಗನಿಗೆ ನಾಲ್ಕೂವರೆ ವರ್ಷ, ಮಾತು ಇನ್ನೂ ಸರಿಯಾಗಿ ಬಂದಿಲ್ಲ ಅಂತ ಬರೆದಿದ್ದೀರಿ. "ಅಕ್ಕ, ಕಾನೂನು ಬದಲಾಯ್ತಂತೆ, ಎನ್‌ಡಿಐಎಸ್ ಇನ್ನು ನಮ್ಮಂಥವರಿಗೆ ಸಿಗೋದೇ ಇಲ್ವಂತೆ, ನಿಜಾನಾ?" ಅರ್ಧ ನಿಜ. ಇನ್ನರ್ಧ ಯಾರೋ ಊಟಕ್ಕೆ ಕೂತಾಗ ಊದಿದ್ದು.

ಮೊದಲು ನಿಮ್ಮ ಭಯದ ವಿಷಯ. ಎನ್‌ಡಿಐಎಸ್‌ಗೆ ಪೌರತ್ವ ಬೇಕಿಲ್ಲ, ಪಿಆರ್ ಸಾಕು. ಇಲ್ಲೇ ವಾಸ ಇರಬೇಕು, ಅರ್ಜಿ ಹಾಕುವಾಗ ವಯಸ್ಸು 65ರೊಳಗೆ ಇರಬೇಕು. ಮನೆಯವರ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಹತ್ತು ವರ್ಷ ಕಾಯಬೇಕು ಅಂದವರು ಅಂಗವಿಕಲರ ಪಿಂಚಣಿಗೂ ಇದಕ್ಕೂ ಗಂಟು ಹಾಕಿದ್ದಾರೆ. ಅದು ಸೆಂಟರ್‌ಲಿಂಕ್ ಅನ್ನುವ ಸರ್ಕಾರಿ ಕಚೇರಿ ಕೊಡುವ ದುಡ್ಡು, ಅದರ ನಿಯಮವೇ ಬೇರೆ. 482 ಅನ್ನುವ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವ ನಿಮ್ಮ ಸ್ನೇಹಿತರಿಗೆ ಮಾತ್ರ ಎನ್‌ಡಿಐಎಸ್ ಇಲ್ಲ. ಅವರು ಪಿಆರ್‌ಗೆ ಹಾಕಿದಾಗ ಮಗುವಿನ ಚಿಕಿತ್ಸೆ, ಸೇವೆಗಳಿಗೆ ಎಷ್ಟು ಖರ್ಚಾಗಬಹುದು ಅಂತಲೂ ಲೆಕ್ಕ ಹಾಕುತ್ತಾರೆ. ಅದಕ್ಕೊಂದು ಮಿತಿ ಇದೆ, ದಾಟಿದರೆ ವೀಸಾಕ್ಕೆ ತೊಡಕಾಗಬಹುದು. 2024ರ ಜುಲೈಯಲ್ಲಿ ಆ ಮಿತಿಯನ್ನು 86,000 ಡಾಲರ್ ಮಾಡಿದರು. ಅವರು ಮೈಗ್ರೇಷನ್ ವಕೀಲರನ್ನೇ ನೋಡಲಿ, ನನ್ನಂಥವಳ ಮಾತು ನಂಬಿ ಕೂರುವುದು ಬೇಡ.

"ಬಿಟ್ಟಿ ದುಡ್ಡು ತಗೊಳ್ಳೋಕೆ ಮುಜುಗರ" ಅಂತಲೂ ಒಂದು ಸಾಲು ಬರೆದಿದ್ದೀರಿ. ಬಿಟ್ಟಿ ಅಲ್ಲ. ಈ ಯೋಜನೆಗೆ ಅಂತಲೇ 2014ರ ಜುಲೈನಲ್ಲಿ ಮೆಡಿಕೇರ್ ಲೆವಿಯನ್ನು, ಅಂದರೆ ಆರೋಗ್ಯಕ್ಕೆ ಅಂತ ಆದಾಯದ ಮೇಲೆ ಹಾಕುವ ತೆರಿಗೆಯನ್ನು, ಶೇ 1.5ರಿಂದ ಶೇ 2ಕ್ಕೆ ಏರಿಸಿದರು. ನಿಮ್ಮ ಯಜಮಾನರೂ ಇನ್ನು ಮೇಲೆ ಕಟ್ಟುತ್ತಾರೆ.

ಇನ್ನು ಕಾನೂನು. ಯೋಜನೆ ಶುರುವಾಗಿದ್ದು 2013ರ ಕಾಯಿದೆಯಿಂದ. ಖರ್ಚು ವರ್ಷಕ್ಕೆ 4,000 ಕೋಟಿ ಡಾಲರ್ ದಾಟಿತು, ಸರ್ಕಾರಕ್ಕೆ ಗಾಬರಿಯಾಯಿತು. ಬಿಲ್ ಶಾರ್ಟನ್ ಸಚಿವರಾಗಿದ್ದಾಗ ತಂದ ತಿದ್ದುಪಡಿ 2024ರ ಅಕ್ಟೋಬರ್ 3ರಿಂದ ಜಾರಿಗೆ ಬಂತು. ಅದಕ್ಕೆ ಮುಂಚೆ "ಸಮಂಜಸ, ಅಗತ್ಯ" ಅನ್ನುವ ಎರಡು ಪದ ಹಿಡಿದು ಏನು ಬೇಕಾದರೂ ವಾದ ಮಾಡಬಹುದಿತ್ತು. ಈಗ ಯಾವುದಕ್ಕೆ ದುಡ್ಡು, ಯಾವುದಕ್ಕೆ ಇಲ್ಲ ಅಂತ ಪಟ್ಟಿಯೇ ಇದೆ. ಮನೆ ಬಾಡಿಗೆ, ದಿನಸಿಗೆ ಇಲ್ಲ. ಟ್ಯಾರೋ ಕಾರ್ಡ್ ನೋಡಿ ಭವಿಷ್ಯ ಹೇಳುವವರಿಗೂ ಇಲ್ಲ. ಯಾರೋ ಬಿಲ್ ಹಾಕಿರಬೇಕು, ಇಲ್ಲದಿದ್ದರೆ ಅದನ್ನು ಪಟ್ಟಿಯಲ್ಲಿ ಬರೆಯುವ ಪ್ರಮೇಯ ಯಾಕೆ ಬರುತ್ತಿತ್ತು? ಮಾತು ಕಲಿಸಲು ಸಾಮಾನ್ಯ ಟ್ಯಾಬ್ಲೆಟ್ ಕೊಳ್ಳಬೇಕಾದರೂ ಸುಮ್ನೆ ಅಂಗಡಿಗೆ ಹೋಗಬೇಡಿ. ಪ್ಲಾನ್‌ನಲ್ಲಿರುವ (ನಿಮ್ಮ ಮಗುವಿಗೆ ಏನೇನು, ಎಷ್ಟು ದುಡ್ಡು ಅಂತ ಅವರು ಬರೆದುಕೊಡುವ ಪತ್ರ) ಬೇರೊಂದು ಸೌಲಭ್ಯದ ಬದಲಿಗೆ ಇದು ಬೇಕು ಅಂತ ಮೊದಲು ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಪಟ್ಟಿಯ ಹೊರಗೆ ಖರ್ಚು ಮಾಡಿದರೆ ಅದು ನಿಮ್ಮ ತಲೆ ಮೇಲೆ ಸಾಲವಾಗಿ ಕೂರಬಹುದು.

ನನ್ನ ಮಗಳೂ ಎನ್‌ಡಿಐಎಸ್‌ನಲ್ಲಿದ್ದಾಳಲ್ಲ, ನಮ್ಮನೆಗೆ ಜಾಸ್ತಿ ತಟ್ಟಿದ್ದು ಇನ್ನೊಂದು ಬದಲಾವಣೆ. 2025ರ ಮೇ 19ರಿಂದ ಹೊಸ ಪ್ಲಾನ್‌ಗಳ ದುಡ್ಡು ಒಟ್ಟಿಗೆ ಕೈಗೆ ಸಿಗುವುದಿಲ್ಲ, ಹೆಚ್ಚಾಗಿ ಮೂರು ತಿಂಗಳಿಗೊಂದು ಕಂತು. ಉಳಿದರೆ ಅದೇ ಪ್ಲಾನ್‌ನ ಮುಂದಿನ ಕಂತಿಗೆ ಸೇರುತ್ತದೆ, ಆದರೆ ಮುಂದಿನದನ್ನು ಈಗಲೇ ಮುಟ್ಟುವ ಹಾಗಿಲ್ಲ. ದಿನನಿತ್ಯದ ಕೆಲಸಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗೆ 2025ರಲ್ಲಿ ಗಂಟೆಗೆ 193.99 ಡಾಲರ್ ತನಕ ಆಗುತ್ತಿತ್ತು. ರಿಪೋರ್ಟ್ ಬರೆಯಲು ಕೂತ ಗಂಟೆಗೂ ಬಿಲ್ ಬರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ನಾನು ಕೇಳಲಿಲ್ಲ. ಒಂದು ಸಲ ಆರು ಪುಟದ ರಿಪೋರ್ಟ್‌ಗೆ ಮಗಳ ಮೂರು ವಾರದ ಥೆರಪಿ ಹೋಯಿತು.

ನಿಮ್ಮ ಮಗನ ವಯಸ್ಸಿಗೆ ಮುಖ್ಯವಾದದ್ದು "ಥ್ರೈವಿಂಗ್ ಕಿಡ್ಸ್". 2025ರ ಆಗಸ್ಟ್‌ನಲ್ಲಿ ಸಚಿವ ಮಾರ್ಕ್ ಬಟ್ಲರ್ ಘೋಷಿಸಿದ್ದು ಇದು. ಒಂಬತ್ತು ವರ್ಷದೊಳಗಿನ, ಕಡಿಮೆ ಅಥವಾ ಮಧ್ಯಮ ಮಟ್ಟದ ಆಟಿಸಂ, ಬೆಳವಣಿಗೆಯ ನಿಧಾನ ಇರುವ ಮಕ್ಕಳನ್ನು ಎನ್‌ಡಿಐಎಸ್ ಹೊರಗೆ, ಬೇರೆ ವ್ಯವಸ್ಥೆಯಲ್ಲಿ ನೋಡಿಕೊಳ್ಳುವ ಆಲೋಚನೆ. ನಿಮಗೆ ಅರ್ಧ ನಿಜ ಅಂದಿದ್ದು ಇದಕ್ಕೇ. ನನಗೇನೂ ಇದು ಪೂರ್ತಿ ಹಿಡಿಸಿಲ್ಲ. ಮನೆ ಹತ್ತಿರವೇ ಬೇಗ ಸಹಾಯ ಸಿಕ್ಕರೆ ಒಳ್ಳೆಯದೇ, ಆದರೆ ಸೇತುವೆ ಕಟ್ಟುವ ಮುಂಚೆ ದೋಣಿ ನಿಲ್ಲಿಸಬಾರದು ಅಲ್ವಾ? ಏನೇ ಆಗಲಿ, ನೀವು ಅದರ ಸುದ್ದಿ ಕಾಯುತ್ತಾ ಕೂರಬೇಡಿ. ತಾಯಿ-ಮಕ್ಕಳ ಆರೋಗ್ಯ ನೋಡುವ ಮೆಟರ್ನಲ್ ಅಂಡ್ ಚೈಲ್ಡ್ ಹೆಲ್ತ್ ನರ್ಸ್ ಹತ್ತಿರವೋ ಜಿಪಿ (ಸಾಮಾನ್ಯ ಡಾಕ್ಟರ್) ಹತ್ತಿರವೋ ಈ ವಾರವೇ ಹೋಗಿ. ಆರು ವರ್ಷದೊಳಗಿನ ಮಗುವಿಗೆ ಬೆಳವಣಿಗೆ ನಿಧಾನ ಅಂತಾದರೆ ಸಹಾಯ ಕೇಳಲು ರೋಗದ ಹೆಸರು ಖಚಿತವಾಗಬೇಕೆಂದಿಲ್ಲ.

ಆಮೇಲೆ ಪ್ಲಾನ್ ಮಾಡುವ ಮೀಟಿಂಗ್. ನಾವು ಎಡವಿದ್ದು ಅಲ್ಲೇ.

2019ರಲ್ಲಿ ಮಗಳಿಗೆ ಆರು ವರ್ಷ. ಪ್ಲಾನ್ ಮಾಡುವ ಹುಡುಗಿ "ಬಟ್ಟೆ ತಾನೇ ಹಾಕಿಕೊಳ್ಳುತ್ತಾಳಾ?" ಅಂತ ಕೇಳಿದಳು. ನಮ್ಮವರು ಬೆನ್ನು ನೆಟ್ಟಗೆ ಮಾಡಿಕೊಂಡು "ಓಹೋ, ತಾನೇ ಹಾಕಿಕೊಳ್ಳುತ್ತಾಳೆ" ಅಂದರು. ಪಕ್ಕದಲ್ಲಿದ್ದ ನಮ್ಮತ್ತೆಯೂ ಕನ್ನಡದಲ್ಲೇ "ತುಂಬಾ ಚುರುಕು" ಅಂತ ತಲೆಯಾಡಿಸಿದರು. ನಾನು ಫ್ರಾಕನ್ನು ಮಂಚದ ಮೇಲೆ ಬೆನ್ನು ಮೇಲಾಗಿ ಹರವಿ ಇಡಬೇಕು, ಕುತ್ತಿಗೆ ಹತ್ತಿರದ ಲೇಬಲ್ ಕತ್ತರಿಸಿರಬೇಕು, ಒಂದು ಹೊಲಿಗೆ ಚುಚ್ಚಿದರೂ ಎಲ್ಲ ಕಿತ್ತು ಬಿಸಾಕಿ ಅವಳು ಮೊದಲಿಂದ ಶುರು ಮಾಡುತ್ತಾಳೆ, ದಿನಾ ನಲವತ್ತು ನಿಮಿಷ ಹಿಡಿಯುತ್ತದೆ. ಇದನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೊರಗಿನವರ ಮುಂದೆ ಮಗಳನ್ನು ಹೇಗೆ ಬಿಟ್ಟುಕೊಡುವುದು? ಬಂದ ಪ್ಲಾನ್ ನೋಡಿದರೆ ಥೆರಪಿ ತಿಂಗಳಿಗೊಂದು.

ಮೂರು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು, ಕೇಳಿದೆವು. ಆ ಸಲ ಒಂದು ವಾರದ ಡೈರಿ ಕೊಟ್ಟೆ. ಎದ್ದ ಹೊತ್ತು, ಬಟ್ಟೆಗೆ ಎಷ್ಟು, ಹಲ್ಲುಜ್ಜಲು ಎಷ್ಟು, ಎಷ್ಟು ಸಲ ಅತ್ತಳು, ನಾನು ಎಲ್ಲೆಲ್ಲಿ ಕೈ ಹಾಕಿದೆ, ಅಷ್ಟೇ. ಪ್ಲಾನ್ ಬದಲಾಯಿತು. ಆಗದಿದ್ದರೆ ಮೇಲ್ಮನವಿ ಕೇಳುವ ಟ್ರಿಬ್ಯುನಲ್‌ಗೆ ಹೋಗಬೇಕಿತ್ತು. ಈಗ ಅದರ ಹೆಸರು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯುನಲ್.

ಹೊಸ ಕಾನೂನು ನಡೆಯುತ್ತಿರುವ ದಾರಿಯೂ ಇದೇ. ರೋಗದ ಹೆಸರಿಗಿಂತ ದಿನದಲ್ಲಿ ಎಷ್ಟು ಆಸರೆ ಬೇಕು ಅನ್ನುವುದರ ಮೇಲೆ ಬಜೆಟ್ ನಿರ್ಧರಿಸುತ್ತಾರೆ. ಹಾಗಾಗಿ ಮಗ ಎಬಿಸಿಡಿ ಹೇಳುತ್ತಾನೆ ಅನ್ನುವುದನ್ನು ಅಜ್ಜಿಗೆ ಫೋನ್ ಮಾಡಿ ಹೇಳಿ. ಮೀಟಿಂಗ್‌ನಲ್ಲಿ, ಬಾಯಾರಿದರೆ ನೀರು ಕೇಳಲು ಬರದೆ ನಿಮ್ಮ ಕೈ ಹಿಡಿದು ಫ್ರಿಜ್ ಹತ್ತಿರ ಎಳೆದುಕೊಂಡು ಹೋಗುತ್ತಾನೆ ಅಂತ ನನಗೆ ಬರೆದಿದ್ದೀರಲ್ಲ, ಅದನ್ನು ಹೇಳಿ.

ನಾಳೆ ಬೆಳಿಗ್ಗೆಯಿಂದಲೇ ಒಂದು ನೋಟ್‌ಬುಕ್‌ನಲ್ಲಿ ಬರೆಯಲು ಶುರು ಮಾಡಿ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ನಾನು ನೋಡಿಕೊಳ್ಳುತ್ತೇನೆ. ಮುಂದಿನ ಭಾನುವಾರ ಅದನ್ನು ಹಿಡಿದುಕೊಂಡು ಮನೆಗೆ ಬನ್ನಿ, ಮಗನನ್ನೂ ಕರೆದುಕೊಂಡು ಬನ್ನಿ.