ನಿಮ್ಮ ನಾಸ್ತಿಕ ಅಷ್ಟು ಬೇಗ ಸೋಲಬಾರದು

ನಮಸ್ಕಾರ,

ನಿಮ್ಮ ಕಥೆ ಎರಡು ಸಲ ಓದಿದೆ. ಅಜ್ಜ ದೇವರಿದ್ದಾನೆ ಅನ್ನುತ್ತಾರೆ, ಇಂಜಿನಿಯರಿಂಗ್ ಓದುವ ಮೊಮ್ಮಗ ಇಲ್ಲ ಅನ್ನುತ್ತಾನೆ, ಮೂರನೇ ಪುಟಕ್ಕೆಲ್ಲ ಮೊಮ್ಮಗ ಅಜ್ಜನ ಕಾಲಿಗೆ ಬೀಳುತ್ತಾನೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಜ್ಜನ ವಾದ ಒಂದೇ. ಮಡಕೆ ಇದೆ ಅಂದರೆ ಕುಂಬಾರ ಇರಲೇಬೇಕು, ಹಾಗೇ ಜಗತ್ತಿಗೂ ಒಬ್ಬ ಇರಬೇಕು. ಇದು ಸಣ್ಣ ಮಾತಲ್ಲ. ಸುಮಾರು 1000 ವರ್ಷಗಳ ಹಿಂದೆ ಮಿಥಿಲೆಯ ತರ್ಕಪಂಡಿತ ಉದಯನ ‘ನ್ಯಾಯಕುಸುಮಾಂಜಲಿ’ ಅನ್ನುವ ಗ್ರಂಥದಲ್ಲಿ ಇದೇ ವಾದವನ್ನು ಗಟ್ಟಿಯಾಗಿ ಕಟ್ಟಿದ. ಆದರೆ ಇದನ್ನು ಒಪ್ಪದವರು ಬರೀ ನಾಸ್ತಿಕರಲ್ಲ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದ ರಾಮಾನುಜರೇ ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ಇದನ್ನು ಬಿಚ್ಚಿ ಹಾಕುತ್ತಾರೆ: ಕುಂಬಾರನಿಗೆ ಮೈ ಇದೆ, ಹಾಗಾದರೆ ದೇವರಿಗೂ ಅಂಥದ್ದೇ ಮೈ ಇರಬೇಕಾ, ಇಡೀ ಜಗತ್ತನ್ನು ಒಬ್ಬನೇ ಒಂದೇ ಸಲ ಮಾಡಿದ ಅಂತ ಹೇಗೆ ಗೊತ್ತು, ಬೇರೆ ಬೇರೆ ಕಾಲದಲ್ಲಿ ಹಲವರು ಮಾಡಿರಬಹುದಲ್ವಾ? ದೇವರನ್ನು ಶಾಸ್ತ್ರದಿಂದ ತಿಳಿಯಬೇಕೇ ಹೊರತು ಬರೀ ತರ್ಕದಿಂದ ಸಾಧಿಸಲು ಆಗದು ಅನ್ನುವುದು ಅವರ ನಿಲುವು. ಅವರಿಗಿಂತ ಮುಂಚಿನ ಕುಮಾರಿಲ ಭಟ್ಟ ವೇದವನ್ನು ಪೂರ್ತಿ ನಂಬಿದವನು. ಅವನ ಪ್ರಶ್ನೆ ಇನ್ನೂ ಚುರುಕು. ದೇವರು ಕರುಣೆಯಿಂದ ಸೃಷ್ಟಿ ಮಾಡಿದ ಅನ್ನುತ್ತೀರಿ, ಸೃಷ್ಟಿಗೆ ಮುಂಚೆ ಯಾರೂ ಇರಲಿಲ್ಲವಲ್ಲ, ಕರುಣೆ ಯಾರ ಮೇಲೆ?

ಈ ಪ್ರಶ್ನೆಗಳನ್ನು ಮೊಮ್ಮಗನ ಬಾಯಲ್ಲಿ ಇಡಿ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರ ಕೊಡುವುದು ನಮ್ಮ ಪೂರ್ವಪಕ್ಷದ ಕ್ರಮ. ನಿಮ್ಮ ಮೊಮ್ಮಗ ಸುಮ್ನೆ ಬೈಯುತ್ತಾನೆ, ವಾದವನ್ನೇ ಮಾಡುವುದಿಲ್ಲ.

ಐನ್‌ಸ್ಟೈನ್ ಹುಡುಗನಾಗಿದ್ದಾಗ ‘ಕತ್ತಲೆ ಅಂದರೆ ಬೆಳಕಿಲ್ಲದಿರುವುದು ಅಷ್ಟೇ’ ಅಂದು ಪ್ರೊಫೆಸರ್ ಬಾಯಿ ಮುಚ್ಚಿಸಿದ ಪ್ರಸಂಗವನ್ನು ಕಥೆಯಿಂದ ತೆಗೆದುಹಾಕಿ. ಅದು ವಾಟ್ಸಾಪ್‌ನಲ್ಲಿ ಸುತ್ತುವ ಕಟ್ಟುಕತೆ. ಅವರು 1929ರಲ್ಲಿ ನಿಜವಾಗಿ ಹೇಳಿದ್ದು, ಸ್ಪಿನೋಜಾನ (ದೇವರು, ಪ್ರಕೃತಿ ಎರಡೂ ಒಂದೇ ಅಂದ ತತ್ವಜ್ಞಾನಿ) ದೇವರನ್ನು ನಂಬುತ್ತೇನೆ, ಮನುಷ್ಯರ ಹಣೆಬರಹ ನೋಡಿಕೊಳ್ಳುವ ದೇವರನ್ನಲ್ಲ ಅಂತ. ಅದು ನಿಮ್ಮ ಅಜ್ಜನಿಗೆ ಆಸರೆ ಆಗುವುದಿಲ್ಲ.

ಇನ್ನು ಎರಡನೇ ಪುಟ. ಮಗಳು ತೀರಿಹೋದ ದಿನ ಅಜ್ಜ ದೀಪ ಹಚ್ಚಿದರು, ಮಂತ್ರ ಮಾತ್ರ ಹೇಳಲಿಲ್ಲ ಅಂತ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಆ ದಿನ ಅಜ್ಜ ದೇವರ ಬಗ್ಗೆ ಏನು ಅಂದುಕೊಂಡರು? ಮೊಮ್ಮಗನಿಗೆ ಅದು ಗೊತ್ತಾ? ಸತ್ತವಳು ಅವನ ಅಮ್ಮನೇ ಅಲ್ವಾ? ಕಥೆಯನ್ನು ಅಲ್ಲಿಂದ ಶುರು ಮಾಡಿ, ಕಾಲಿಗೆ ಬೀಳುವ ದೃಶ್ಯ ಬಿಟ್ಟುಬಿಡಿ. ತಿದ್ದಿದ ಮೇಲೆ ನನಗೇ ಕಳಿಸಿ, ಕಾಯುತ್ತಿರುತ್ತೇನೆ.